ನಾನೇ ಹಾಕಿದ ಗುಂಡಿಗಳು

ಮಾಳಮಡ್ಡಿ, ಧಾರವಾಡ
೭ ಆಗಸ್ಟ್ ೨೦೦೩

ಆರ್ಜೂ ಮೇಡಂ ಅವರಿಗೆ ವಂದನೆಗಳು.

ಶಾಂಭವಿಯ ಕೈಗೆ ಇನ್ನು ಥೆರಪಿ ಬೇಕಿಲ್ಲವೆಂದು ನೀವು ಸೋಮವಾರ ಬರೆದುಕೊಡುವವರಿದ್ದೀರಿ. ದಯವಿಟ್ಟು ಬರೆಯಬೇಡಿ. ಅಂಗಿಯ ಗುಂಡಿಗಳನ್ನು ಅವಳೇ ಹಾಕಿಕೊಂಡಳೆಂದು ಮನೆಯ ಅಭ್ಯಾಸದ ನೋಟ್‌ಬುಕ್ಕಿನಲ್ಲಿ ತಿಂಗಳಿಡೀ ಬರೆದವಳು ನಾನು. ಹಾಕಿದವಳೂ ನಾನೇ. ನಿಮ್ಮೆದುರು ಅವಳ ಕೈ ತಡವರಿಸಿದಾಗ, “ಇಲ್ಲಿ ಅಂಜತಾಳ್ರಿ, ಮನ್ಯಾಗ ಛಲೋ ಮಾಡ್ತಾಳ” ಎಂದು ನಿಮ್ಮನ್ನು ನಂಬಿಸಿದೆ.

ಎಂಟು ವರ್ಷದ ಮಗುವಿನ ಬಿಗಿದ ಬೆರಳುಗಳು ಒಂದು ಗುಂಡಿಗಾಗಿ ಒದ್ದಾಡುವುದನ್ನು ನೋಡಲಾಗಲಿಲ್ಲ. ನಾನು ಬರೆಯುವ ಕವಿತೆಯ ಒಂದು ಸಾಲು ಹೊಳೆಯಲೆಂದು ದಿನಗಟ್ಟಲೆ ಕಾಯುತ್ತೇನೆ. ಮಗಳಿಗಾಗಿ ಐದು ನಿಮಿಷ ಕಾಯದಾದೆ.

ಇಂದು ಬೆಳಿಗ್ಗೆ ಅವಳೇ ನನ್ನ ಕೈ ಸರಿಸಿದಳು.

“ಅವ್ವಾ, ನೀ ಹೊರಗ ಹೋಗು. ಆರ್ಜೂ ಮಿಸ್ ಬೈತಾರ.”

“ನಿನಗ್ಯಾಕ ಬೈತಾರ?”

“ನನಗಲ್ಲ, ನಿನಗ!”

ಹಿತ್ತಲಿಗೆ ಹೋಗಿ, ನೀರು ಹಾಕಿದ್ದ ಗಿಡಗಳಿಗೇ ಮತ್ತೆ ನೀರು ಹಾಕುತ್ತ ನಿಂತೆ. ಬಹಳ ಹೊತ್ತಿನ ಮೇಲೆ ಹೊರಬಂದಳು. ಎರಡು ಗುಂಡಿ ಹಾಕಿಕೊಂಡಿದ್ದಳು, ಒಂದು ತಪ್ಪು ಕಾಜಿನಲ್ಲಿ. ಕಾಲರು ಒಂದು ಕಿವಿಯ ಕಡೆ ಏರಿತ್ತು. ಸರಿಮಾಡಲು ಹೋದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಹಾಗೆಯೇ ಶಾಲೆಗೆ ಹೋದಳು.

ಆ ಪುಟಗಳನ್ನೆಲ್ಲ ಹೊಡೆದುಹಾಕಿ, ಸೋಮವಾರ ಅವಳ ಕೈಯನ್ನು ಮೊದಲಿನಿಂದ ನೋಡಿ. ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ನನ್ನ ಮೇಲೆ ನನಗಿನ್ನೂ ಭರವಸೆಯಿಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳಿ.

ಶಾಂಭವಿಯ ತಾಯಿ,
ಸುಮಲತಾ