ಪಾಪಕ್ಕ ಕಟ್ಟಿಸಿದ ನೆರಳು

ಹೊಸಕೋಟೆ
೯-೪-೨೦೨೫

ಚಿರಂಜೀವಿ ಚಲಪತಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ನೀನು ಮನೆ ಬಿಟ್ಟು ಆರು ವರ್ಷವಾದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು ಎನ್ನುವುದಕ್ಕೂ ನಾಚಿಕೆ. ವಿಳಾಸವನ್ನು ಅಕ್ಷತಳಿಂದ ಇಸಿದುಕೊಂಡೆ. ಕೊಡುವ ಮೊದಲು ನಿನ್ನ ತಂಗಿ ಹತ್ತು ಮಾತು ಅಂದಳು, ಅನ್ನಲಿ. ಮಂಗಳೂರಿನ ಸೆಕೆ ನಿನಗೆ ಒಗ್ಗಿತೇ? ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಇದ್ದರೆ ಊಟ ಮಾಡಿ ಹೋಗು.

ನಮ್ಮ ಗಾರ್ಮೆಂಟ್ಸ್ ಗೇಟಿನ ಮುಂದೆ ಮುಷ್ಕರ ಕೂತು ಇವತ್ತಿಗೆ ಹತ್ತೊಂಬತ್ತು ದಿನ. ಸಂಘ ಕಟ್ಟಿದರೆಂದು ಮೂವತ್ತು ಹೆಂಗಸರನ್ನು ಕೆಲಸದಿಂದ ತೆಗೆದರು. ಅವರನ್ನು ವಾಪಸ್ ತೆಗೆದುಕೊಳ್ಳುವವರೆಗೆ ನಾವು ಉಳಿದವರೂ ಒಳಗೆ ಹೋಗುವುದಿಲ್ಲ. ಶಾಮಿಯಾನದವನು ಯಾರಿಗೆ ಹೆದರಿದನೋ, ಐದನೇ ದಿನವೇ ಬಿಚ್ಚಿಕೊಂಡು ಹೋದ. ಬಿಸಿಲಿಗೆ ತಲೆ ಸಿಡಿಯುತ್ತದೆ. ನನ್ನ ಮಂಡಿಯಂತೂ ಹೇಳಿದ ಮಾತು ಕೇಳುವುದನ್ನು ಬಿಟ್ಟಿದೆ.

ಹೋದ ವಾರ ಬೆಂಗಳೂರಿನಿಂದ ಎಂಟು ಹತ್ತು ಹುಡುಗರು ನೀರಿನ ಕ್ಯಾನು, ಮೊಸರನ್ನದ ಪೊಟ್ಟಣ ಹೊತ್ತು ಬಂದರು. ಜೊತೆಗೊಂದು ಉದ್ದನೆಯ ಬಣ್ಣಬಣ್ಣದ ಬಟ್ಟೆ. ನನ್ನ ಪಕ್ಕದ ಮಿಷನ್ನಿನ ಪಾಪಕ್ಕ, ನೆರಳಿಗೆಂದೇ ತಂದಿದ್ದಾರೆಂದುಕೊಂಡು ಅದನ್ನು ಇಸಿದುಕೊಂಡು ನಾಲ್ಕು ಕಂಬಕ್ಕೆ ಕಟ್ಟಿಸಿಯೇಬಿಟ್ಟಳು. ಅಂಚಿನ ಹೊಲಿಗೆ ಬಿಟ್ಟಿತ್ತು. "ಯಾವನೇ ಇದ್ನ ಹೊಲ್ದೋನು, ನಮ್ ಲೈನಲ್ಲಾಗಿದ್ರೆ ರಿಜೆಕ್ಟು" ಎಂದು ಬೈಯುತ್ತ ಕೈಸೂಜಿ ಹಿಡಿದಳು. ಇನ್ನೊಂದು ತುದಿಯನ್ನು ನಾನು ಹೊಲಿದೆ. ಹುಡುಗರು ನಗುತ್ತ ದಾರ ಪೋಣಿಸಿಕೊಟ್ಟರು.

ಹೊಲಿದು ಮುಗಿದ ಮೇಲೆ ಅವರಲ್ಲಿ ಗೋವಿಂದರಾಜು ಎಂಬುವವನು ಮೆಲ್ಲಗೆ ಹೇಳಿದ: "ಅಮ್ಮಾ, ಇದು ನಮ್ಮ ಬಾವುಟ. ಗಂಡಸರನ್ನೇ ಇಷ್ಟಪಡೋ ಗಂಡಸರು, ಹೆಂಗಸರನ್ನೇ ಇಷ್ಟಪಡೋ ಹೆಂಗಸರು, ನಾವೆಲ್ಲ ಮೆರವಣಿಗೇಲಿ ಹಿಡ್ಕೊಂಡ್ ಹೋಗೋದು. ನಮ್ಮಲ್ಲೂ ಎಷ್ಟೋ ಜನನ್ನ ಕೆಲ್ಸದಿಂದ ತೆಗ್ದಿದಾರೆ, ಅದಕ್ಕೇ ಬಂದ್ವಿ."

ನಮ್ಮ ಹೆಂಗಸರಲ್ಲಿ ಕೆಲವರು ಎದ್ದು ಬಿಸಿಲಿಗೆ ಹೋಗಿ ಕೂತರು. ಮಧ್ಯಾಹ್ನದ ಹೊತ್ತಿಗೆ ಪಾಪಕ್ಕ, "ಬಂದ್ ಕೂತ್ಕೊಳ್ರೇ, ಸುಮ್ನೆ ತಲೆ ಸುತ್ತಿ ಬಿದ್ದೀರಿ" ಎಂದು ಕೂಗಿದಳು. ಒಬ್ಬೊಬ್ಬರಾಗಿ ಬಂದರು. ಈಗ ಹುಡುಗರು ದಿನಾ ಬರುತ್ತಾರೆ. ಪೊಲೀಸರು ಎಬ್ಬಿಸಲು ಬಂದರೆ ನಮ್ಮ ಪಕ್ಕದಲ್ಲೇ ಕೂರುತ್ತಾರೆ.

ನಿನ್ನೆ ಗೋವಿಂದರಾಜು "ಮಕ್ಳೆಷ್ಟಮ್ಮಾ ನಿಮ್ಗೆ?" ಎಂದು ಕೇಳಿದ. ಆರು ವರ್ಷದಿಂದ ಯಾರು ಕೇಳಿದರೂ ಒಬ್ಬಳೇ ಮಗಳು ಎನ್ನುತ್ತಿದ್ದೆ. ನಿನ್ನೆ ಇಬ್ಬರು ಎಂದೆ. ದೊಡ್ಡವನು ನಿಮ್ಮ ಹಾಗೇ ಕಣಪ್ಪ ಎಂದೆ. ಅವನು ಕುಡಿಯಲು ನೀರು ಕೊಟ್ಟ.

ನನಗೆ ಸಾಕಾಗಿದೆ ಮಗನೇ. ನಾವು ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲ, ನೀನು ಒಂದು ಸಲ ಬಾ. ಒಬ್ಬನೇ ಬರಬೇಕೆಂದೇನೂ ಇಲ್ಲ.

ಎಲ್ಲಿದ್ದರೂ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಮ್ಮ
ಮುನಿತಾಯಮ್ಮ

ತಾ.ಕ.: ಅಕ್ಷತಳ ಮದುವೆಯ ಲಗ್ನಪತ್ರಿಕೆಯಲ್ಲಿ ನಿನ್ನ ಹೆಸರಿಲ್ಲವೆಂದು ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಹೋದೆ. ಅಪ್ಪ ನಿನ್ನ ಹೆಸರನ್ನು ಬರೆದೇ ಕೊಟ್ಟಿದ್ದರು. ಪ್ರೆಸ್ಸಿಗೆ ಹೋಗಿ ಹೊಡೆದುಹಾಕಿಸಿದವಳು ನಾನು. "ನಾನೇ ಅಂತ ಅನ್ಕೊಳ್ಲಿ ಬಿಡು, ನಿನ್ ಹತ್ರನಾದ್ರೂ ಮಾತಾಡ್ತಾನೆ" ಎಂದರು ಅಪ್ಪ. ನಾನೂ ಸುಮ್ಮನಾದೆ. ನೀನು ಅವರ ಮಣ್ಣಿಗೆ ಬರದಿದ್ದಾಗಲೂ ಸುಮ್ಮನೇ ಇದ್ದೆ.