ಗುಂಡನನ್ನು ಎತ್ತಿಕೊಂಡವರು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಫೋನಿನಲ್ಲಿ ಪ್ರಾರ್ಥನಾ ಮನೆಯ ಸುದ್ದಿ ಎತ್ತಿದ ಕೂಡಲೇ ನಿನ್ನ ಒಲೆ ಮೇಲೆ ಹಾಲು ಉಕ್ಕುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಕಾಗದಕ್ಕೆ ಹಾಲಿನ ಕಾಟವಿಲ್ಲ. ಹೊಲಿಗೆ ಮೆಷಿನ್ ಮೇಲೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ.

ನನ್ನದು ಎಲ್ಲದರಲ್ಲೂ ಮೂಗು ತೂರಿಸುವ ಬುದ್ಧಿ ಅಂತ ನೀನೇ ಹೇಳುತ್ತೀಯಲ್ಲ, ಈ ಸಲ ಅದರಿಂದ ಉಪಯೋಗವಾಯಿತು. ನಮ್ಮಲ್ಲಿಗೆ ಹೊಸಬರು ಬರುತ್ತಾರೆ, ಹಾಡು ಕಲಿಯುತ್ತಾರೆ, ನೋಡನೋಡುತ್ತಲೇ ಕಾಣೆಯಾಗುತ್ತಾರೆ. ಹಿರಿಯರಿಗೆ ಇದೇ ಕೊರಗು. ಕುರ್ಚಿ ಬದಲಾಯಿಸಿದರು, ಮೈಕ್ ಬದಲಾಯಿಸಿದರು, ಪ್ರವಚನವನ್ನೂ ಗಿಡ್ಡ ಮಾಡಿದರು. ಊಹೂಂ. ಕೊನೆಗೆ ಅವರ ಕಣ್ಣಿಗೆ ಬಿದ್ದದ್ದು ಬಣ್ಣ ಬಳಿಯುವವನ ಮಗು, ನಮ್ಮ ಗುಂಡ. ಕಾಣಿಕೆಯ ಹಾಡು ಶುರುವಾಗಿ ಜನ ಸಾಲಾಗಿ ತಟ್ಟೆಯತ್ತ ಹೊರಟರೆ ಸಾಕು, ಯಾರಾದರೊಬ್ಬ ಹೆಂಗಸು ಗುಂಡನನ್ನು ಎತ್ತಿಕೊಂಡು ಹೊರಗೆ ಓಡುತ್ತಿದ್ದಳು. ಮಕ್ಕಳ ರಗಳೆಗೇ ಜನ ಬೇಸತ್ತಿದ್ದಾರೆ ಎಂದು ತೀರ್ಮಾನವಾಯಿತು. ಮಕ್ಕಳಿಗೆಂದೇ ಒಂದು ಕೋಣೆ ಕಟ್ಟಿಸಿದರು. ಅದಕ್ಕೊಂದು ವಿಶೇಷ ಕಾಣಿಕೆ ಬೇರೆ, ಒಂದು ತಟ್ಟೆಯ ಪಕ್ಕ ಇನ್ನೊಂದು ತಟ್ಟೆ.

ನನ್ನ ತಲೆಯಲ್ಲಿ ಮಾತ್ರ ಹುಳ ಹೊಕ್ಕಿತು, ಯಾಕೆಂದರೆ ಗುಂಡ ಅಳುತ್ತಲೇ ಇರಲಿಲ್ಲ. ಒಂದು ಭಾನುವಾರ ಅವರ ಹಿಂದೆಯೇ ಹೊರಗೆ ಹೋಗಿ ನೋಡಿದೆ. ಹೊಸದಾಗಿ ಬರುತ್ತಿದ್ದ ಇಸ್ತ್ರಿ ಅಂಗಡಿಯ ಹುಡುಗಿ ಅವನನ್ನು ಹೆಗಲಿಗೆ ಹಾಕಿಕೊಂಡು ಚಪ್ಪಲಿಗಳ ಪಕ್ಕ ನಿಂತಿದ್ದಳು. ಗುಂಡನಿಗೆ ಗಾಢ ನಿದ್ದೆ. ಬಟ್ಟೆ ಒದ್ದೆಯಾಗಿದೆಯಾ ಅಂತ ಕೇಳಿದೆ. ಅವಳು ನೆಲ ನೋಡುತ್ತಾ, ತಟ್ಟೆಗೆ ಹಾಕಲು ಏನೂ ಇಲ್ಲ, ಮಗು ಕೈಯಲ್ಲಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ ಅಂದಳು. ಇದಕ್ಕೆ ಹೆಂಗಸರಲ್ಲಿ ಸರದಿಯೇ ಇತ್ತಂತೆ.

ಆಮೇಲೆ ಗುಂಡ ನಡೆಯಲು ಕಲಿತ. ಈಗ ಯಾರು ಎತ್ತಿಕೊಂಡರೂ ಕೊಸರಿಕೊಂಡು ಇಳಿದು ಸೀದಾ ತಟ್ಟೆಯ ಹತ್ತಿರವೇ ಓಡುತ್ತಾನೆ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಇಸ್ತ್ರಿ ಹುಡುಗಿ ಅಂದಿನಿಂದ ಬಂದಿಲ್ಲ. ಮಂಡಿನೋವು ಅಂತ ನೀನು ಪ್ರಾರ್ಥನೆಗೆ ಬರುವುದು ಬಿಟ್ಟದ್ದೂ ಆಗಲೇ ಎಂದು ಹೊಳೆದಾಗ ಮೆಷಿನ್ ನಿಲ್ಲಿಸಿ ಕೂತುಬಿಟ್ಟೆ. ಗುಂಡನನ್ನು ಮೊದಮೊದಲು ಎತ್ತಿಕೊಂಡು ಹೋಗುತ್ತಿದ್ದವಳು ನೀನೇ ಅಲ್ಲವಾ? ಕ್ಯಾಂಟೀನ್ ಕೆಲಸ ಹೋದ ಮೇಲೆ ಕೈ ಖಾಲಿಯಾಗಿದೆ ಅಂತ ನನಗೆ ಒಂದು ಮಾತು ಹೇಳಬಾರದಿತ್ತಾ? ತಟ್ಟೆ ಹಿಡಿದು ನಿಲ್ಲುವವರು ನಮ್ಮನೆಯವರು, ಅದಕ್ಕೇ ನಿನಗೆ ಸಂಕೋಚ. ಅಕ್ಕಾ, ತುಂಬಾ ನೋವಾಯಿತು. ನನ್ನನ್ನು ಅಲ್ಲಿಗೆ ಕೈಹಿಡಿದು ಕರೆದುಕೊಂಡು ಹೋದವಳು ನೀನು. ನೀನಿಲ್ಲದೆ ಅಲ್ಲಿ ಹಾಡಲು ಮನಸ್ಸೇ ಬರುವುದಿಲ್ಲ.

ನಮ್ಮನೆಯವರಿಗೆ ಹೇಳಿದೆ. ನಾವು ಯಾರಿಗೂ ಬಲವಂತ ಮಾಡಿಲ್ಲ, ಯಾರು ಎಷ್ಟು ಹಾಕಿದರು ಅಂತ ನೋಡುವುದೂ ಇಲ್ಲ ಎಂದು ರೇಗಿದರು. ಹಾಗಾದರೆ ಏನೂ ಹಾಕದವರು ಯಾರು ಅಂತ ಕೇಳಿದೆ. ಥಟ್ಟನೆ ಒಬ್ಬಳ ಹೆಸರು ಹೇಳಿ, ತಾವೇ ನಾಲಿಗೆ ಕಚ್ಚಿಕೊಂಡರು. ಮರುದಿನ ಹಿರಿಯರ ಹತ್ತಿರ ಅವರೇ ಹೋದರು. ಸೋರುವ ಸೂರು ಯಾರು ರಿಪೇರಿ ಮಾಡಿಸುತ್ತಾರೆ, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಅಂತ ಹಿರಿಯರು ಕೇಳಿದರಂತೆ. ಅದೂ ಸುಳ್ಳಲ್ಲ. ಕೊನೆಗೆ ತಟ್ಟೆ ಹೋಗಿ ಆ ಮಕ್ಕಳ ಕೋಣೆ ಸೇರಿತು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಹೊರಗೆ ಬರುವುದು. ಹಾಕಿದರೂ ಬಿಟ್ಟರೂ ನೋಡುವವರಿಲ್ಲ. ಎಷ್ಟು ದಿನ ನಡೆಯುತ್ತದೋ ನನಗೂ ಕುತೂಹಲ.

ಇಸ್ತ್ರಿ ಹುಡುಗಿಯ ಮನೆಗೆ ನಾಳೆ ಹೋಗುತ್ತೇನೆ. ನೀನು ಭಾನುವಾರ ಬಾ. ಮಂಡಿ ನಿಜವಾಗಿ ನೋಯುತ್ತಿದ್ದರೆ ಗಾಡಿ ಕಳಿಸುತ್ತೇನೆ, ಇಲ್ಲದಿದ್ದರೆ ನಡೆದು ಬಾ.

ಮೂಗು ತೂರಿಸುವ ನಿನ್ನ
ತಂಗಿ

ತಾ.ಕ.: ಮಗುವನ್ನು ಬೇರೆಯವರಿಗೆ ಕೊಟ್ಟು ನೀನೇನು ಹಾಕುತ್ತಿದ್ದೆ ಅಂತ ಗುಂಡನ ತಾಯಿಯನ್ನು ಕೇಳಿದೆ. ಏನೂ ಇಲ್ಲವಂತೆ. ಪ್ರತಿ ವಾರ ತಟ್ಟೆಯವರೆಗೂ ಹೋಗಿ, ಬರಿಗೈ ಆಡಿಸಿ ಬರುತ್ತಿದ್ದಳಂತೆ. ನಮ್ಮನೆಯವರು ಹೇಳಿದ ಹೆಸರು ಅವಳದೇ. ನಿನ್ನ ಮಗುವನ್ನು ನೀನೇ ಎತ್ತಿಕೊಂಡು ಹೊರಗೆ ಹೋಗಬಹುದಿತ್ತಲ್ಲೇ ಅಂದೆ. ಮಗುವನ್ನು ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ ಅಂದಳು.