ಹೆಸರು ಹೇಳದ ಮನೆಗೆ ವೈಫೈ

ಕೊಚ್ಕೋರ್
ಜುಲೈ ೧೭, ಶುಕ್ರವಾರ ಬೆಳಗ್ಗೆ

ಬೆರ್ಮೆತ್‌ಳ ಅಪ್ಪನಿಗೆ ಸಲಾಮು.

ನಿಮ್ಮ ಮೊಣಕಾಲು ಹೇಗಿದೆ? ಸರೋವರದ ಗಾಳಿ ಆ ಕಾಲಿಗೆ ಆಗಿಬರುವುದಿಲ್ಲ, ಕುದುರೆ ಇಳಿದ ಕೂಡಲೇ ಉಣ್ಣೆ ಪಟ್ಟಿ ಸುತ್ತಿಕೊಳ್ಳಿ ಎಂದು ಎಷ್ಟು ಬಡಕೊಂಡರೂ ನಿಮಗೆ ನಾಟುವುದಿಲ್ಲ. ಮಗಳು ಕುದುರೆ ಹಾಲಿನ ಕುಮಿಸ್ ಕುಡಿದು ಕುಡಿದು ಕೆನ್ನೆ ತುಂಬಿಕೊಂಡಿದ್ದಾಳೆಂದು ಕೆನೆ ಟ್ರಕ್ಕಿನ ಶಾಮೆನ್ ಹೇಳಿದ. ಸಂಜೆ ಹೊತ್ತು ಅವಳ ತಲೆಗೆ ಟೋಪಿ ಇರಲಿ. ಈ ಕಾಗದವನ್ನೂ ಶಾಮೆನ್ ಕೈಯಲ್ಲೇ ಕಳಿಸುತ್ತಿದ್ದೇನೆ. ಹುಲ್ಲುಗಾವಲಿನಲ್ಲಿ ಫೋನ್ ಸಿಗುವಂತಿದ್ದರೆ ಈ ಬರೆಯುವ ಕೆಲಸ ಯಾರಿಗೆ ಬೇಕಿತ್ತು. ನಾನು ಚೆನ್ನಾಗಿದ್ದೇನೆ, ಅಂದರೆ ಸುಸ್ತಾಗಿದ್ದೇನೆ. ಸೊಂಟ ಮುರಿದುಕೊಂಡು ಏಳು ವಾರದಿಂದ ಮಲಗಿರುವ ಅತ್ತೆಯನ್ನು ದಿನಕ್ಕೆ ಆರು ಸಲ ಮಗ್ಗುಲು ಸರಿಸಿ, ಒರೆಸಿ, ಉಣಿಸಿ, ಆಮೇಲೆ ಹಸು ಕರೆದು, ಯಾರಾದರೂ ಕೂತ್ಕೋ ಎಂದರೆ ಸಾಕು, ಅಳು ಬರುವ ಹಾಗಾಗಿದೆ. ಊರವರ ಕುರಿ ಕಾಯಲು ಒಪ್ಪಿಕೊಂಡ ಮೇಲೆ ನೀವು ಹೋಗಲೇಬೇಕಿತ್ತು, ಗೊತ್ತು. ಆದರೂ ಒಮ್ಮೊಮ್ಮೆ ನಿಮ್ಮ ಮೇಲೆ ಸಿಟ್ಟು ಬರುತ್ತದೆ. ಕಾಗದ ಮುಗಿದ ಮೇಲೆ ಅತ್ತೆಗೆ ಓದಿ ಹೇಳಬೇಕು. ಆಗ ಈ ಸಾಲು ಹಾರಿಸುತ್ತೇನೆ.

ನಿಮ್ಮ ತಂಗಿ ಬಿಷ್ಕೆಕ್‌ನಲ್ಲಿ ದೊಡ್ಡ ಮೂಳೆ ಡಾಕ್ಟರೊಬ್ಬರನ್ನು ಕಾಡಿ ಬೇಡಿ ಒಪ್ಪಿಸಿದಳು. ಅವರು ನಿನ್ನೆ ಗುರುವಾರ ಹನ್ನೊಂದು ಗಂಟೆಗೆ ವಿಡಿಯೊ ಕಾಲಿನಲ್ಲಿ ಅತ್ತೆಯ ಕಾಲು ನೋಡಿ, ಮಾತಾಡಿಸಿ, ಆಪರೇಷನ್ ಮಾಡಬಹುದೋ ಇಲ್ಲವೋ ಹೇಳುವುದೆಂದಾಯಿತು. ಅದು ತಪ್ಪಿದರೆ ಮತ್ತೆ ಸರದಿ ಸಿಗುವುದು ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಆ ಮೂಳೆಯ ಕಥೆ ಮುಗಿದಿರುತ್ತದೆ. ಅತ್ತೆ ಮತ್ತೆ ಎದ್ದು ನಡೆಯುವುದು ಆ ಒಂದು ಕರೆಯ ಮೇಲೆ ನಿಂತಿತ್ತು. ನಮ್ಮ ಮನೆ ನಿಮಗೆ ಗೊತ್ತಲ್ಲ. ಕಂಪನಿಯವರ ರೌಟರ್ ಇರುವುದು ಮುಂದಿನ ಹಜಾರದಲ್ಲಿ. ಅತ್ತೆ ಇರುವುದು ಹಿಂದಿನ ಕೋಣೆಯಲ್ಲಿ. ನಡುವೆ ಒಲೆಯ ಗೋಡೆ, ಆಮೇಲೆ ಮೊಳದಪ್ಪದ ಮಣ್ಣಿನ ಗೋಡೆ. ಹಿಂದಿನ ಕೋಣೆಗೆ ವೈಫೈಯೂ ಬರುವುದಿಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ಅತ್ತೆಯನ್ನು ಎತ್ತಿ ಹಜಾರಕ್ಕೆ ತರೋಣವೆಂದರೆ, ಕದಲಿಸಿದರೆ ಜೋಕೆ ಎಂದು ಇಲ್ಲಿನ ಡಾಕ್ಟರು ಗದರಿಸಿ ಹೋಗಿದ್ದಾರೆ.

ಅದಕ್ಕೇ ನಿಮ್ಮ ತಂಗಿ ಮೂರು ಬಿಳಿ ಡಬ್ಬಿ ಕಳಿಸಿದಳು. ಮೆಶ್ ಎನ್ನುತ್ತಾರಂತೆ. ಒಂದನ್ನು ಕಂಪನಿಯ ರೌಟರಿಗೆ ತಂತಿಯಿಂದ ಸೇರಿಸಬೇಕು, ಎರಡನೆಯದನ್ನು ಒಲೆಯ ಆಚೆ, ಮೂರನೆಯದನ್ನು ಅತ್ತೆಯ ಕೋಣೆಯಲ್ಲಿ ಇಡಬೇಕು; ಒಂದರಿಂದ ಒಂದಕ್ಕೆ ಅವೇ ದಾಟಿಸಿಕೊಳ್ಳುತ್ತವೆ. ಸೋಮವಾರವೆಲ್ಲ ಅದರ ಮುಂದೆ ಮಂಡಿಯೂರಿದ್ದೆ. ಡಬ್ಬಿಗಳಿಗೆ ಹೆಸರು ಕೊಡಬೇಕೆಂದು ಬಂತು. ಹಳೆಯ ಹೆಸರನ್ನೇ ಕೊಟ್ಟರೆ ಯಾರ ಫೋನನ್ನೂ ಮುಟ್ಟಬೇಕಿಲ್ಲ. ಆದರೆ ಹಳೆಯ ಹೆಸರೆಂದರೆ ಮಾವನವರದೇ. ಬದುಕಿದ್ದಾಗ ಅವರು ರೌಟರಿಗೂ ತಮ್ಮ ಹೆಸರನ್ನೇ ಇಟ್ಟುಕೊಂಡಿದ್ದರಲ್ಲ. ಸೊಸೆಯಾದ ನಾನು ಅದನ್ನು ಬಾಯಲ್ಲಿ ಹೇಳುವಂತಿಲ್ಲ. ಬೆರಳಲ್ಲಿ ಒತ್ತಬಹುದೇ ಎಂದು ಅತ್ತೆಯನ್ನು ಕೇಳಿದೆ. ಸ್ವಲ್ಪ ಯೋಚಿಸಿ, ಬರೆದದ್ದು ಹೇಳಿದ ಹಾಗಲ್ಲ ಎಂದರು. ಹದಿಮೂರು ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ರಿಯಾಯಿತಿ ಅದು.

ಹಿಂದಿನ ಕೋಣೆಯಲ್ಲಿ ವೈಫೈಯೇನೋ ಬಂತು, ಎರಡು ನಿಮಿಷ ನಿಲ್ಲಲಿಲ್ಲ. ನಿಮ್ಮ ತಂಗಿಯ ಮುಖ ಬಾಯಿ ತೆರೆದಲ್ಲೇ ಗಟ್ಟಿಯಾಗುತ್ತಿತ್ತು. ಕಂಪನಿಯ ರೌಟರೂ ಯಜಮಾನಿಕೆ ಮಾಡುತ್ತದೆ, ನಮ್ಮ ಡಬ್ಬಿಯೂ ಮಾಡುತ್ತದೆ, ಫೋನಿಗೆ ಯಾರ ಮಾತು ಕೇಳಬೇಕೋ ತಿಳಿಯುವುದಿಲ್ಲ ಎಂದಳು ಅವಳು. ಒಂದು ಮನೆಗೆ ಇಬ್ಬರು ಅತ್ತೆಯರಿದ್ದ ಹಾಗೆ. (ಇದನ್ನೂ ಹಾರಿಸುತ್ತೇನೆ.) ಕಂಪನಿಯ ರೌಟರ್ ತನ್ನ ವೈಫೈ ನಿಲ್ಲಿಸಿ, ಬರೀ ಲೈನು ದಾಟಿಸಿ ಸುಮ್ಮನಿರಬೇಕು. ಆ ಬದಲಾವಣೆಯನ್ನು ಕಂಪನಿಯವರೇ ತಮ್ಮ ಕಚೇರಿಯಿಂದ ಮಾಡಬೇಕಂತೆ. ಅದೂ ಮಾವನವರ ಹೆಸರು ಹೇಳಿ ಕೇಳಿದರೆ ಮಾತ್ರ, ಏಕೆಂದರೆ ಲೈನು ಇನ್ನೂ ಅವರ ಹೆಸರಲ್ಲೇ ಇದೆ.

ಬುಧವಾರ ಫೋನ್ ಮಾಡಿದೆ. ಹುಡುಗಿಯೊಬ್ಬಳು ಚೆನ್ನಾಗಿಯೇ ಮಾತಾಡಿದಳು, ಗ್ರಾಹಕರ ಹೆಸರು ಹೇಳಿ ಎಂದಳು. ಹೇಳುವಂತಿಲ್ಲಮ್ಮ, ನಾನು ಈ ಮನೆ ಸೊಸೆ ಎಂದೆ. ಕುರಿ ಈಯುತ್ತಲ್ಲ, ಬ್ಯಾ ಅನ್ನುತ್ತಲ್ಲ, ಚಿಕ್ಕದು, ಅದರ ಮುಂದೆ ಬೆಕ್ ಸೇರಿಸಿಕೋ ಎಂದೆ. ಅವಳು ನಕ್ಕು, "ಗೊತ್ತಾಯ್ತು ಬಿಡಿ ಅಕ್ಕ, ನಾನೂ ಒಂದ್ಮನೆ ಸೊಸೆನೇ" ಎಂದು ಕೆಲಸ ಮುಗಿಸಿಯೇಬಿಟ್ಟಳು. ನನಗೂ ಹಾಯೆನಿಸಿತು. ಸಂಜೆ ಹಾಲು ಕರೆಯುವಾಗ ಕೆಳಗಿನ ಬೀದಿಯ ತೊಕ್ತುಬೆಕ್‌ನ ಹೆಂಡತಿ ಬಂದು ಬೇಲಿ ಹಿಡಿದು ನಿಂತಳು. ಅವರ ಮನೆಯ ವೈಫೈ ಮಧ್ಯಾಹ್ನದಿಂದ ಸತ್ತುಹೋಗಿದೆಯಂತೆ, ಕಂಪನಿಯವರನ್ನು ಕೇಳಿದರೆ ನೀವೇ ಹೇಳಿದಿರಲ್ಲ ಎಂದರಂತೆ! ತೊಕ್ತು ಎಂದರೆ ವರ್ಷ ತುಂಬಿದ ಕುರಿ. ನಮ್ಮ ಮಾವನವರದು ಇನ್ನೂ ಹಾಲು ಕುಡಿಯುವ ಮರಿಯ ಹೆಸರು. ಪೇಟೆಯ ಹುಡುಗಿಗೆ ಆ ವ್ಯತ್ಯಾಸ ಎಲ್ಲಿ ಗೊತ್ತು. "ನಿಮ್ಮ ಮಾವನ ಮರ್ಯಾದೆ ಉಳಿಸೋಕೆ ನಮ್ಮನೆ ಇಂಟರ್ನೆಟ್ಟೇ ಬೇಕಿತ್ತಾ?" ಎಂದು ಕೇಳಿದಳು. ಒಂದು ಬಟ್ಟಲು ಕೆನೆ ಕೊಟ್ಟು ಕಳಿಸಿದೆ.

ನಿನ್ನೆ ಕಂಪನಿಯ ಕಚೇರಿ ತೆರೆದಾಗಿನಿಂದ ಫೋನ್ ಹಿಡಿದು ಕೂತಿದ್ದೆ, ಅತ್ತೆಯನ್ನು ಒಂಟಿಯಾಗಿ ಬಿಡಲಾರದೆ ಹಿಂದಿನ ಕೋಣೆಯಲ್ಲಿ, ಆ ಹರಕು ಮುರುಕು ವೈಫೈಯಲ್ಲೇ. ಸಿಕ್ಕಾಗ ಹನ್ನೊಂದಕ್ಕೆ ಇಪ್ಪತ್ತು ನಿಮಿಷ. ಈ ಸಲದವಳು ಬೇರೆ, ಒಗಟು ಕೇಳುವ ಜಾತಿಯಲ್ಲ. ನಿನ್ನೆಯ ಎಡವಟ್ಟು ನಮ್ಮ ತಲೆಗೆ ಬಂದಿದೆ, ಹೆಸರು ಸ್ಪಷ್ಟವಾಗಿ ಹೇಳಿ, ಇಲ್ಲದಿದ್ದರೆ ಇಡಿ ಎಂದಳು. ಪಕ್ಕದ ಮನೆಯ ಗಂಡಸರನ್ನು ಕರೆಯೋಣವೆಂದರೆ ಎಲ್ಲರೂ ಹುಲ್ಲು ಕೊಯ್ಯಲು ಹೋಗಿದ್ದರು. ಏನಾದರಾಗಲಿ, ಹೇಳಿಯೇಬಿಡುತ್ತೇನೆ ಎಂದು ಬಾಯಿ ತೆರೆದೆ. ನಿಜಕ್ಕೂ ಹೇಳುತ್ತಿದ್ದೆ. ಅತ್ತೆ ಕೈ ಚಾಚಿದರು.

"ಕೊಡಿಲ್ಲಿ ಫೋನು. ನೀನು ಹೇಳ್ಬಾರ್ದು. ನಾನ್ ಹೇಳ್ತೀನಿ."

ನಿಮಗೆ ನೆನಪಿದೆಯಲ್ಲ, ಮಾವನವರ ಹೆಣದ ಮುಂದೆ ಕೂತು ಅಷ್ಟು ಹಾಡಿ ಅತ್ತಾಗಲೂ ಅವರು ಹೆಸರೆತ್ತಿರಲಿಲ್ಲ. ನಲವತ್ತೆಂಟು ವರ್ಷ 'ಮನೆಯವರು' ಎಂದರು, ಆಮೇಲೆ 'ಹೋದವರು' ಎಂದರು. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಚಾವಣಿ ನೋಡುತ್ತಾ, "ಕೋಝುಬೆಕ್" ಎಂದರು. ಆಚೆಯವಳಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಅಜ್ಜಿ ಎಂದಳು. "ಕೋಝುಬೆಕ್ ಕಣೇ. ನನ್ನ ಗಂಡ." ಹಾಗಾದರೆ ಅವರನ್ನೇ ಫೋನಿಗೆ ಕರೆಯಿರಿ ಎಂದಳು ಆ ಪುಣ್ಯಾತ್ಗಿತ್ತಿ. ಅತ್ತೆ ತಡವರಿಸಲಿಲ್ಲ. "ಅವ್ರು ಬರಲ್ಲಮ್ಮ. ಮಲ್ಗಿದಾರೆ" ಎಂದರು.

ಐದು ನಿಮಿಷದಲ್ಲಿ ಲೈನು ಸರಿಯಾಯಿತು. ಡಾಕ್ಟರ ಮುಖ ಒಮ್ಮೆಯೂ ಗಟ್ಟಿಯಾಗಲಿಲ್ಲ, ಪೂರ್ತಿ ನಲವತ್ತು ನಿಮಿಷ. ನನಗೆ ಮಾತ್ರ ಅವರ ಮಾತಿನ ಮೇಲೆ ಮನಸ್ಸು ನಿಲ್ಲಿಸುವುದು ಕಷ್ಟವಾಯಿತು, ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಡಾಕ್ಟರು ಒಳ್ಳೆಯ ಮಾತಾಡಿದರು, ಎಲ್ಲ ಸರಿಹೋಗುತ್ತದೆ, ನೀನು ಕುರಿಯ ಕಡೆ ನಿಗಾ ಇಡು, ಮನೆಯ ಚಿಂತೆ ಬೇಡ ಎಂದು ಬರೆಯಲು ಅತ್ತೆ ಹೇಳುತ್ತಿದ್ದಾರೆ. ಬರೆದಿದ್ದೇನೆ. ಮಗನಿಗೂ ಮೊಮ್ಮಗಳಿಗೂ ಹಣೆಗೆ ಮುತ್ತು ಕೊಟ್ಟಿದ್ದೇನೆಂದು ಬರೆ ಎಂದರು. ಅದನ್ನೂ ಬರೆದಿದ್ದೇನೆ. ಮಗಳ ಜಡೆ ನೀವೇ ಹೆಣೆಯಿರಿ, ಕುದುರೆ ಹತ್ತುವಾಗ ಆ ಕಾಲು ಮೊದಲು ಊರಬೇಡಿ, ಆರೋಗ್ಯ ಜೋಪಾನ.

ನಿಮ್ಮ ಮನೆಯವಳು,
ಕನಿಶಾಯ್

ಮತ್ತೆ: ಅತ್ತೆಗೆ ಓದಿ ಹೇಳಿ ಆಯಿತು. ಇದನ್ನು ಗೇಟಿನ ಹತ್ತಿರ ನಿಂತು ಬರೆಯುತ್ತಿದ್ದೇನೆ, ಶಾಮೆನ್ ಹಾರನ್ ಹೊಡೆಯುತ್ತಿದ್ದಾನೆ. ಡಾಕ್ಟರು ಹೇಳಿದ್ದು ಬೇರೆ. ಆಪರೇಷನ್ ಇದೇ ಇಪ್ಪತ್ತೈದಕ್ಕೆ ಬಿಷ್ಕೆಕ್‌ನಲ್ಲಿ. ಮಾಡದಿದ್ದರೆ ಅತ್ತೆ ಏಳುವುದಿಲ್ಲ. ಮಾಡಿದರೆ ಅವರ ಹೃದಯ ತಡೆಯುತ್ತದೆಂದು ಯಾರೂ ಮಾತು ಕೊಡುವುದಿಲ್ಲ. ಎಲ್ಲ ಕೇಳಿಸಿಕೊಂಡು ಅತ್ತೆ "ಮಾಡಿ" ಎಂದರು, ಆಮೇಲೆ ನನ್ನ ಕಡೆ ತಿರುಗಿ "ಅವನಿಗೆ ಬರೀಬೇಡ" ಎಂದರು. ಸಹಿ ಹಾಕಲು ನಾನು ಸಾಕಂತೆ. ನನ್ನಿಂದಾಗುವುದಿಲ್ಲ. ಕುರಿಯನ್ನು ಯಾರಿಗಾದರೂ ಒಪ್ಪಿಸಿ, ಮಗಳನ್ನು ಕರೆದುಕೊಂಡು ಇದೇ ಟ್ರಕ್ಕಿನಲ್ಲಿ ಇಳಿದು ಬನ್ನಿ. ಬನ್ನಿ, ಮೆದೆರ್.